ಒಂದು ಚಮಚ ಮೊಸರು

ನಾಯಿಗೋ ಬೆಕ್ಕಿಗೋ ಆಪರೇಷನ್ ಅಂದ ತಕ್ಷಣ ಜನ ನನ್ನನ್ನು ಕೇಳುವುದು ಕತ್ತರಿಯ ವಿಷಯವಲ್ಲ, ಇಂಜೆಕ್ಷನ್ನಿನ ವಿಷಯ. ಪ್ರಜ್ಞೆ ತಪ್ಪಿಸುವುದಕ್ಕೆ ಯಾವುದನ್ನು ಕೊಡುತ್ತೀರಿ, ಮತ್ತೆ ಏಳುತ್ತದೆ ತಾನೆ ಎಂದು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಕುಯ್ಯುವ ಕೆಲಸ ಕೈಗೆ ಹತ್ತಿಬಿಡುತ್ತದೆ, ಮಲಗಿಸುವ ಕೆಲಸ ಇಪ್ಪತ್ತೆರಡು ವರ್ಷವಾದರೂ ನನಗೆ ಸಲೀಸಾಗಿಲ್ಲ. ಆದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಓದಿಕೊಂಡು ಬಂದು ನನಗೇ ಪಾಠ ಹೇಳುವವರನ್ನು ಕಂಡರೆ ಮೈ ಉರಿಯುತ್ತದೆ. ಅಂಥವರಿಗೆ, "ನಾನು ಇಲ್ಲಿ ಕೂತಿರೋದು ಯಾತಕ್ಕೆ?" ಎಂದು ಕೇಳಿ ಬಾಯಿ ಮುಚ್ಚಿಸಿದ್ದೇನೆ.

ಮುಂಬೈಯ ಚೆಂಬೂರಿನ ಒಂದು ಹಳೆಯ ಬಿಲ್ಡಿಂಗಿನ ನೆಲಮಹಡಿಯಲ್ಲಿ ನನ್ನ ಕ್ಲಿನಿಕ್ಕಿದೆ. ಎರಡೇ ಕೋಣೆ. ಮುಂದಿನದರಲ್ಲಿ ಬೆಂಚು, ತೂಕದ ಯಂತ್ರ, ಮೇಜು. ಹಿಂದಿನದರಲ್ಲಿ ಸ್ಟೀಲಿನ ಆಪರೇಷನ್ ಟೇಬಲ್, ಒಂದು ದೀಪ, ಫ್ರಿಜ್ಜು, ಬೀಗ ಹಾಕುವ ಗೋಡೆಬೀರು. ಗಂಡನ ಕೆಲಸ ಇಲ್ಲಿಯ ರಿಫೈನರಿಯಲ್ಲಿ ಎಂದು ಮೈಸೂರಿನ ಕಡೆಯಿಂದ ಬಂದವಳು ನಾನು. ಕನ್ನಡ ಮಾತಾಡುವ ಪ್ರಾಣಿವೈದ್ಯೆ ಇದ್ದಾಳೆಂದು ಸುತ್ತಲಿನ ಕಾಲನಿಗಳ ನಮ್ಮವರೆಲ್ಲ ನನ್ನಲ್ಲಿಗೇ ಬರುತ್ತಾರೆ. ಅವರ ನಾಯಿಗಳಿಗೆ ಹಿಂದಿ ಅರ್ಥವಾಗುವುದಿಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ.

ದೊಡ್ಡ ಆಸ್ಪತ್ರೆಗಳಲ್ಲಿ ಉಸಿರಿನ ಜೊತೆ ಅರಿವಳಿಕೆಯ ಗ್ಯಾಸ್ ಕೊಡುವ ಯಂತ್ರ ಇರುತ್ತದೆ. ಪ್ರಾಣಿ ತೀರ ಆಳಕ್ಕೆ ಹೋಯಿತು ಅನ್ನಿಸಿದರೆ ಗುಂಡಿ ತಿರುಗಿಸಿ ಕಡಿಮೆ ಮಾಡಬಹುದು. ನನ್ನಂಥ ಎರಡು ಕೋಣೆಯವರಿಗೆ ಸೂಜಿಯೇ ಗತಿ. ಸೂಜಿಯಲ್ಲಿ ಒಳಗೆ ಹೋದದ್ದನ್ನು ವಾಪಸು ಎಳೆದುಕೊಳ್ಳಲು ಬರುವುದಿಲ್ಲ. ಹಾಗಾಗಿ ಏನು ಕೊಡಬೇಕು ಅನ್ನುವುದನ್ನು ಕೊಡುವ ಮೊದಲೇ ಯೋಚಿಸಿ ಮುಗಿಸಿರಬೇಕು.

ನನ್ನ ಬೀರುವಿನಲ್ಲಿ ಮುಖ್ಯವಾಗಿ ಮೂರು ಮದ್ದು. ಒಂದು ಪ್ರೊಪೊಫಾಲ್, ನೋಡಲು ಹಾಲಿನಷ್ಟು ಬಿಳಿ. ನರಕ್ಕೇ ಕೊಡಬೇಕು. ಕೊಟ್ಟ ಅರ್ಧ ನಿಮಿಷದಲ್ಲಿ ಪ್ರಾಣಿ ಮಲಗುತ್ತದೆ, ಬೇಗನೆ ಎಚ್ಚರವಾಗುತ್ತದೆ. ಉಸಿರು ಸ್ವಲ್ಪ ಹೊತ್ತು ನಿಂತುಬಿಡುವುದೂ ಉಂಟು, ಅದಕ್ಕೇ ಗಂಟಲಿಗೆ ಕೊಳವೆ ಇಳಿಸಿಕೊಂಡೇ ಕೆಲಸ ಮಾಡಬೇಕು. ಅದರ ಗಾಜಿನ ಆಂಪ್ಯೂಲು ಒಮ್ಮೆ ಒಡೆದರೆ ಉಳಿದದ್ದನ್ನು ನಾನು ಇನ್ನೊಂದು ಪ್ರಾಣಿಗೆ ಇಡುವುದಿಲ್ಲ. ಎರಡನೆಯದು ಕೀಟಮಿನ್. ಅದಕ್ಕೆ ಬೀಗ, ರಿಜಿಸ್ಟರು ಎಲ್ಲ ಬೇಕು. ಅದನ್ನು ಕೊಟ್ಟ ಬೆಕ್ಕು ಕಣ್ಣು ಬಿಟ್ಟುಕೊಂಡೇ ಮಲಗುತ್ತದೆ. ಬಾಗಿಲ ಸಂದಿಯಿಂದ ಇಣುಕಿದ ಮನೆಯವರು ಅದಕ್ಕೆ ಎಲ್ಲ ಗೊತ್ತಾಗುತ್ತಿದೆ ಎಂದು ಅಳುವುದಕ್ಕೆ ಶುರುಮಾಡುತ್ತಾರೆ. ಮೂರನೆಯದು ಜೈಲಜಿನ್. ಮಾಂಸಖಂಡಕ್ಕೆ ಚುಚ್ಚಿದರೆ ಸಾಕು, ಸುಲಭವಾಗಿ ಸಿಗುತ್ತದೆ, ಕೀಟಮಿನ್ ಜೊತೆ ಚೆನ್ನಾಗಿ ಹೊಂದುತ್ತದೆ. ಊರೆಲ್ಲ ಬೀದಿನಾಯಿಗಳ ಆಪರೇಷನ್ನು ನಡೆಯುವುದು ಈ ಜೋಡಿಯಿಂದಲೇ.

ಜೈಲಜಿನ್‌ಗೆ ಒಂದು ಗುಣವಿದೆ. ಬೆಕ್ಕಿಗೆ ಚುಚ್ಚಿದ ಐದು ಹತ್ತು ನಿಮಿಷಕ್ಕೆ ವಾಂತಿ ಬರಿಸುತ್ತದೆ. ಹೊಟ್ಟೆ ಖಾಲಿ ಇದ್ದರೂ ಬರಿಸುತ್ತದೆ, ಹಳದಿ ನೀರಾದರೂ ಬರುತ್ತದೆ. ಅದಕ್ಕೇ ಬೆಕ್ಕುಗಳ ವಿಷಯದಲ್ಲಿ ನನ್ನದೊಂದು ಪದ್ಧತಿ ಇತ್ತು. ಮೊದಲು ಜೈಲಜಿನ್ ಒಂದೇ ಕೊಟ್ಟು ಬೆಕ್ಕನ್ನು ಬುಟ್ಟಿಗೆ ವಾಪಸು ಬಿಡುವುದು, ಅದು ಓಕರಿಸುವ ಸದ್ದಿಗೆ ಕಾಯುವುದು, ಪೇಪರಿನ ಮೇಲೆ ಬಿದ್ದದ್ದನ್ನು ನೋಡಿ ಬಾಯಿ ಒರೆಸಿ, ಆಮೇಲೆಯೇ ಎರಡನೆಯ ಸೂಜಿಯಲ್ಲಿ ಕೀಟಮಿನ್ ಕೊಡುವುದು. ಎಚ್ಚರವಿದ್ದಾಗ ವಾಂತಿಯಾದರೆ ಬೆಕ್ಕು ತಾನೇ ಕತ್ತು ಚಾಚಿ ಹೊರಗೆ ಹಾಕುತ್ತದೆ. ಮತ್ತಿನಲ್ಲಿ ಬಿದ್ದ ಮೇಲೆ ಆದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಇದನ್ನು ಕಾಲೇಜಿನ ಹುಡುಗರಿಗೂ ಹೇಳಿಕೊಡುತ್ತಾರೆ. ನಾನು ಹೇಳುತ್ತಿರುವುದು ಈ ಪದ್ಧತಿಯನ್ನು ನಾನು ಬಿಟ್ಟ ಒಂದು ದಿನದ ವಿಷಯ.

ನನ್ನ ಕ್ಲಿನಿಕ್ಕಿನಿಂದ ಎರಡು ಬಿಲ್ಡಿಂಗಿನ ಆಚೆ ಒಬ್ಬ ತಾಯಿ, ಮಗಳು ಇದ್ದಾರೆ. ಅವರೂ ಮೈಸೂರಿನ ಕಡೆಯವರೇ, ಬಂದು ನಲವತ್ತೈದು ವರ್ಷವಾಗಿದೆ. ಮಗಳಿಗೆ ನನ್ನ ವಯಸ್ಸು, ಮದುವೆಯಾಗಿಲ್ಲ. ಸಾಂತಾಕ್ರೂಜಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ, ಲೋಕಲ್ ರೈಲಿನಲ್ಲಿ ಹೋಗಿ ಬರುವುದರಲ್ಲೇ ದಿನಕ್ಕೆ ಮೂರು ಗಂಟೆ ಹೋಗುತ್ತದೆ. ತಾಯಿಗೆ ಎಂಬತ್ತರ ಹತ್ತಿರ. ನಾನು ಕ್ಲಿನಿಕ್ ತೆರೆದ ದಿನ ಈ ತಾಯಿ ಯಾರೂ ಕರೆಯದೆ ಒಂದು ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದಿದ್ದರು. ಬಾಗಿಲಲ್ಲೇ ನಿಂತು ನನ್ನ ಅಂಗೈ ಬಿಡಿಸಿ ಒಂದು ಚಮಚ ಮೊಸರು ಹಾಕಿ, "ಕುಡಿ, ಒಳ್ಳೇದಾಗ್ಲಿ" ಅಂದಿದ್ದರು. ಪರೀಕ್ಷೆಗೆ ಹೊರಟಾಗ, ಊರು ಬಿಡುವಾಗ ನನ್ನ ತಾಯಿಯೂ ಹಾಗೆಯೇ ಹಾಕುತ್ತಿದ್ದರು. ಈ ಊರಿನಲ್ಲಿ ನನಗೆ ಅದನ್ನು ಮಾಡುವವರು ಇದ್ದಾರಲ್ಲ ಎಂದು ಅವತ್ತು ಕಣ್ಣಿನಲ್ಲಿ ನೀರು ಬಂದಿತ್ತು.

ಅವರ ಮನೆಯ ಬೆಕ್ಕು ಅಡುಗೆಮನೆಯ ಕಿಟಕಿಗೆ ಪೈಪು ಹತ್ತಿ ಬಂದದ್ದು. ಬಿಳಿ ಮೈ, ಕೇಸರಿ ಬಾಲ, ಗಂಡು. ಮೊದಮೊದಲು ತಾಯಿ ಅದನ್ನು ಪೊರಕೆ ಹಿಡಿದು ಓಡಿಸಿದರಂತೆ. ಮಡಿ, ದೇವರ ಮನೆ, ಬೆಕ್ಕಿನ ಕೂದಲು ಎಂದು ಮಗಳ ಹತ್ತಿರ ಜಗಳ. ಮಗಳು ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುವುದು ಇವರಿಬ್ಬರೇ ತಾನೆ. ಒಂದು ವರ್ಷದಲ್ಲಿ ತಾಯಿ ಹೂಬತ್ತಿ ಹೊಸೆಯುವಾಗ ಬೆಕ್ಕು ಪಕ್ಕದಲ್ಲಿ ಕೂತು ಹತ್ತಿಗೆ ಕೈ ಹಾಕುವುದು, ಇವರು ಅದರ ಕೈಗೆ ಒಂದು ಏಟು ಕೊಡುವುದು ದಿನದ ಆಟವಾಯಿತು. ಮಧ್ಯಾಹ್ನ ಇವರ ಊಟದ ಕೊನೆಗೆ ಅದಕ್ಕೂ ಒಂದು ತುತ್ತು ಮೊಸರನ್ನ. ಅದನ್ನು "ಕಳ್ಳ" ಎಂದು ಕರೆಯುತ್ತಿದ್ದರು, ಲಸಿಕೆಗೆ ತಂದಾಗ ನನ್ನ ಎದುರಿಗೂ ಬೈಯುತ್ತಿದ್ದರು. ನಾನು ಸೂಜಿ ತೆಗೆದರೆ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು.

ಒಂಬತ್ತನೆಯ ವರ್ಷದಲ್ಲಿ ಬೆಕ್ಕಿಗೆ ಒಂದು ಹಲ್ಲು ಹುಳುಕಾಗಿ ಕೆನ್ನೆ ಊದಿತು. ನೋಡಿದೆ, ಹಲ್ಲು ಕಿತ್ತು ಕೀವು ತೆಗೆಯಬೇಕಾಗಿತ್ತು. ಹತ್ತು ನಿಮಿಷದ ಕೆಲಸ. ಎದೆಯ ಬಡಿತ ಚೆನ್ನಾಗಿತ್ತು, ತೂಕ ನಾಲ್ಕು ಕಿಲೋ. ಮಾರನೆಯ ದಿನ ಹನ್ನೊಂದಕ್ಕೆ ಬನ್ನಿ ಅಂದೆ. ರಾತ್ರಿ ಹತ್ತರ ಮೇಲೆ ಅನ್ನ, ಹಾಲು ಏನೂ ಬೇಡ, ಬೆಳಗಿನಿಂದ ನೀರೂ ಬೇಡ ಎಂದು ಕನ್ನಡದಲ್ಲೇ ಬಿಡಿಸಿ ಹೇಳಿದೆ. ತಾನೇ ಕಾವಲು ಕೂರುತ್ತೇನೆ ಎಂದು ತಾಯಿ ಹೇಳಿದರು.

ಆ ದಿನ ಬೀರುವಿನಲ್ಲಿ ಪ್ರೊಪೊಫಾಲ್ ಒಂದೇ ಆಂಪ್ಯೂಲು ಉಳಿದಿತ್ತು. ಮದ್ದು ತಂದುಕೊಡುವವನು ಬೊರಿವಲಿಯಿಂದ ಬರಬೇಕಾಗಿತ್ತು, ಲೋಕಲ್ ನಿಂತು ಅವನು ಬಂದಿರಲಿಲ್ಲ. ಮಧ್ಯಾಹ್ನಕ್ಕೆ ಒಂದು ಪಗ್ ನಾಯಿ ಬರುವುದಿತ್ತು. ಚಪ್ಪಟೆ ಮೂಗಿನ ನಾಯಿ, ಎಚ್ಚರವಿದ್ದಾಗಲೇ ಗೊರಕೆ ಹೊಡೆಯುವ ಜಾತಿ. ಅದಕ್ಕೆ ಬೇರೆ ಏನು ಕೊಡಲೂ ನನಗೆ ಧೈರ್ಯವಿರಲಿಲ್ಲ. ಇದ್ದದ್ದನ್ನು ಪಗ್‌ಗೆ ಇಟ್ಟುಕೊಂಡೆ. ಬೆಕ್ಕಿಗೆ ಹಳೆಯ ಜೋಡಿಯೇ ಸಾಕು ಎಂದು ನಿರ್ಧಾರ ಮಾಡಿದೆ. ಬಾಯಿಯ ಒಳಗಿನ ಕೆಲಸವಾದ್ದರಿಂದ ಗಂಟಲಿಗೆ ಕೊಳವೆ ಹಾಕುವುದು ಒಳ್ಳೆಯದಾಗಿತ್ತು. ಹತ್ತು ನಿಮಿಷಕ್ಕೆ ಯಾಕೆ ಎಂದು ಅದನ್ನೂ ಬಿಟ್ಟೆ. ನಾಳೆ ಬನ್ನಿ ಅನ್ನಬಹುದಾಗಿತ್ತು. ಮಗಳು ರಜೆ ಹಾಕಿದ್ದಳು, ಬೆಕ್ಕು ಎರಡು ದಿನದಿಂದ ಸರಿಯಾಗಿ ತಿಂದಿರಲಿಲ್ಲ, ಕಳಿಸಲು ಮನಸ್ಸು ಬರಲಿಲ್ಲ.

ಹನ್ನೊಂದಕ್ಕೆ ಇಬ್ಬರೂ ಬಂದರು. ಎರಡು ಪ್ಲಾಸ್ಟಿಕ್ ತರಕಾರಿ ಬುಟ್ಟಿಗಳನ್ನು ಬಾಯಿಗೆ ಬಾಯಿ ಕೂಡಿಸಿ ಹಗ್ಗದಲ್ಲಿ ಕಟ್ಟಿದ್ದರು, ಒಳಗೆ ಬೆಕ್ಕು. ತಾಯಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತರು. ಏನೂ ಕೊಟ್ಟಿಲ್ಲ ತಾನೆ ಎಂದು ನಾನು ಕೇಳಬೇಕು. ಪ್ರತಿಯೊಬ್ಬರನ್ನೂ ಕೇಳುತ್ತೇನೆ. ಅವತ್ತು ಕೇಳಿದೆನೋ ಇಲ್ಲವೋ ನನಗೆ ನೆನಪಿಲ್ಲ. ಎಷ್ಟೋ ಸಲ ಕೂತು ನೆನಪಿಸಿಕೊಳ್ಳಲು ನೋಡಿದ್ದೇನೆ, ಆಗಿಲ್ಲ.

ಒಳಗೆ ಬೆಕ್ಕು ಗುರುಗುಟ್ಟುತ್ತಿತ್ತು. ನೋವಿನಲ್ಲಿದ್ದ ಪ್ರಾಣಿ, ಕೆನ್ನೆಗೆ ಕೈ ಹೋಗುತ್ತದೆ ಎಂದು ಅದಕ್ಕೆ ಗೊತ್ತು. ನನ್ನ ಕಂಪೌಂಡರ್ ಸಾತಾರಾ ಕಡೆಯವನು, ಐವತ್ತು ದಾಟಿದೆ, ನಾನು ಬರುವ ಮೊದಲೇ ಪ್ರಾಣಿಗಳನ್ನು ಹಿಡಿದು ಅಭ್ಯಾಸವಿದ್ದವನು. ದಪ್ಪ ಟವೆಲು ಹಾಕಿ ಹಿಡಿದಿದ್ದ. ಬೆಕ್ಕು ಅವನ ಮಣಿಕಟ್ಟಿಗೆ ಒಂದು ಗೀರು ಎಳೆದಿತ್ತು. ಒಮ್ಮೆ ಚುಚ್ಚಿ ಬಿಟ್ಟರೆ ಎರಡನೆಯ ಸಲ ಹಿಡಿಯಲು ಮತ್ತೊಂದು ಯುದ್ಧವಾಗುತ್ತದೆ ಅನ್ನಿಸಿತು. ನಾನು ಒಂದೇ ಸಿರಿಂಜಿಗೆ ಎರಡನ್ನೂ ಎಳೆದೆ.

ಅವನು ನೋಡಿದ. "ಮೇಡಮ್, ದೋನೋ ಏಕ್ ಸಾಥ್?"

ಎರಡೂ ಒಟ್ಟಿಗೇನಾ ಎಂದು ಅವನು ಕೇಳಿದ್ದು ಅನುಮಾನದಿಂದ. ನನಗೆ ಕೇಳಿಸಿದ್ದು ಅಧಿಕಪ್ರಸಂಗವಾಗಿ. ಹಿಡಿಯುವ ಕೆಲಸ ನೀನು ಮಾಡು, ಕೊಡುವ ಕೆಲಸ ನಾನು ಮಾಡುತ್ತೇನೆ ಎಂದು ಗದರಿದೆ. ತೊಡೆಗೆ ಚುಚ್ಚಿದೆ. ಮೂರು ನಿಮಿಷದಲ್ಲಿ ಬೆಕ್ಕು ಮೆತ್ತಗಾಯಿತು. ಮಗ್ಗುಲಾಗಿ ಮಲಗಿಸಿ, ಬಾಯಿ ತೆರೆದು, ದೀಪ ಎಳೆದುಕೊಂಡೆ. ಹಲ್ಲು ಅಲುಗಾಡುತ್ತಿತ್ತು, ಸುಲಭವಾಗಿ ಬರುವ ಹಾಗೆ ಕಾಣಿಸಿತು.

ಇಕ್ಕಳ ಹಲ್ಲಿಗೆ ಮುಟ್ಟುವ ಹೊತ್ತಿಗೆ ಅದರ ಹೊಟ್ಟೆ ಒಂದು ಸಲ ಒಳಕ್ಕೆ ಎಳೆದುಕೊಂಡಿತು. ಮತ್ತೊಂದು ಸಲ. ತಲೆಯನ್ನು ಟೇಬಲ್ಲಿನ ಅಂಚಿನಿಂದ ಕೆಳಗೆ ಇಳಿಬಿಡುವಷ್ಟರಲ್ಲಿ ಹಳದಿ ನೀರು, ನೊರೆ ಬಾಯಿ ತುಂಬ ಬಂದಿತ್ತು. ಅರ್ಧ ಹೊರಗೆ, ಅರ್ಧ ಒಳಗೆ. ಕೆಮ್ಮಬೇಕಿತ್ತು, ಕೆಮ್ಮುವ ಶಕ್ತಿಯನ್ನು ನಾನೇ ಕಿತ್ತುಕೊಂಡಿದ್ದೆ. ಗಂಟಲು ಒರೆಸಿದೆ, ಕೊಳವೆ ಇಳಿಸಿ ಸಿರಿಂಜಿನಿಂದ ಎಳೆದೆ, ತಲೆಕೆಳಗು ಮಾಡಿದೆ, ಊದಿದೆ, ಎದೆ ಒತ್ತಿದೆ, ಕೊಡಬೇಕಾದ ಮದ್ದುಗಳನ್ನೆಲ್ಲ ಕೊಟ್ಟೆ. ನಾಲಿಗೆ ನೀಲಿಯಾಯಿತು. ಕಣ್ಣು ತೆರೆದೇ ಇತ್ತು, ಕೀಟಮಿನ್ನಿನಲ್ಲಿ ತೆರೆದೇ ಇರುತ್ತದೆ, ಯಾವಾಗ ಹೋಯಿತೆಂದು ಕಣ್ಣು ನೋಡಿ ಹೇಳಲು ಆಗುವುದಿಲ್ಲ. ಸ್ಟೆತಾಸ್ಕೋಪು ಇಟ್ಟು ಇಟ್ಟು ನೋಡುತ್ತಿದ್ದ ನನ್ನನ್ನು ಕೊನೆಗೆ ಕಂಪೌಂಡರ್ ಕೈ ಹಿಡಿದು ನಿಲ್ಲಿಸಿದ.

ಟೇಬಲ್ಲಿನ ಮೇಲೆ ಬಿದ್ದ ಹಳದಿ ನೀರಿನಲ್ಲಿ ಎರಡು ಮೂರು ಬಿಳಿ ಎಳೆ ಇದ್ದವು. ಬೆರಳಿನಲ್ಲಿ ತೆಗೆದು ಮೂಸಿದೆ. ಹುಳಿ ವಾಸನೆ. ಮೊಸರು. ನನಗೆ ಆ ಕ್ಷಣ ಆದದ್ದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ನನಗೆ ಸಮಾಧಾನವಾಯಿತು.

ಹೊರಗೆ ಬಂದೆ. ಇಬ್ಬರೂ ಎದ್ದು ನಿಂತರು. ಮಗಳು ನನ್ನ ಮುಖ ನೋಡಿಯೇ ಗೋಡೆ ಹಿಡಿದುಕೊಂಡಳು. ಬೆಕ್ಕು ಹೋಯಿತು ಎಂದು ಹೇಳುವ ಮೊದಲು, ಸಮಾಧಾನದ ಒಂದು ಮಾತನ್ನು ಆಡುವ ಮೊದಲು, ನಾನು ಕೇಳಿದ್ದು ಇದು: "ಬೆಳಿಗ್ಗೆ ಏನು ಕೊಟ್ಟಿದ್ರಿ?"

ಮಗಳು ಏನೂ ಇಲ್ಲ ಎಂದು ತಲೆಯಾಡಿಸಿದಳು. ತಾಯಿ ಖಾಲಿ ಬುಟ್ಟಿಯನ್ನು ಹಿಡಿದುಕೊಂಡೇ ಹೇಳಿದರು, "ಒಂದೇ ಒಂದು ಚಮಚ ಮೊಸರು ಕಣಮ್ಮ. ಹೊರಡೋ ಮುಂಚೆ ನೆಕ್ಕಿಸಿದೆ. ಒಳ್ಳೇದಾಗ್ಲಿ ಅಂತ."

"ಹೇಳಿದ್ನಲ್ಲ ಅಮ್ಮ, ಏನೂ ಕೊಡಬೇಡಿ ಅಂತ" ಅಂದೆ.

ಅಷ್ಟೇ ನಾನು ಆಡಿದ್ದು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೇಳಿದ್ದೆ, ಅವರು ಕೊಟ್ಟಿದ್ದರು. ಆದರೆ ಒಂದು ಚಮಚ ಮೊಸರಿಗೆ ಬೆಕ್ಕು ಸಾಯುವುದಿಲ್ಲ. ಅದನ್ನು ನೆಕ್ಕದಿದ್ದರೂ ಆ ಹೊತ್ತಿಗೆ ಸರಿಯಾಗಿ ಅದು ವಾಂತಿ ಮಾಡಿಕೊಳ್ಳುತ್ತಿತ್ತು, ನಾನು ಕೊಟ್ಟ ಮದ್ದೇ ಅಂಥದ್ದು. ಎರಡನ್ನೂ ಒಂದೇ ಸೂಜಿಯಲ್ಲಿ ಕೊಟ್ಟು, ಕೊಳವೆ ಇಲ್ಲದೆ ಬಾಯಿ ತೆರೆದು ಮಲಗಿಸಿದವಳು ನಾನು. ಇದನ್ನೆಲ್ಲ ಹೇಳಲು ನನಗೆ ಒಂದು ನಿಮಿಷ ಸಾಕಾಗಿತ್ತು. ಹೇಳಲಿಲ್ಲ. ಎಂಬತ್ತು ವರ್ಷದ ಹೆಂಗಸಿನ ತಲೆಯ ಮೇಲೆ ಗೂಬೆ ಕೂರಿಸಿ ನಾನು ಒಳಗೆ ಹೋಗಿ ಕೈ ತೊಳೆದುಕೊಂಡೆ.

ಬೆಕ್ಕನ್ನು ಅದೇ ಟವೆಲಿನಲ್ಲಿ ಸುತ್ತಿ ಬುಟ್ಟಿಯಲ್ಲಿ ಇಟ್ಟುಕೊಟ್ಟೆವು. ಮಗಳು ಬುಟ್ಟಿ ಎತ್ತಿಕೊಂಡು ತಾಯಿಗೆ ಕಾಯದೆ ನಡೆದಳು. ಹಗ್ಗ ಬೆಂಚಿನ ಮೇಲೆಯೇ ಉಳಿದಿತ್ತು. ತಾಯಿ ಅದನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡು ನಿಧಾನವಾಗಿ ಹಿಂದೆ ಹೋದರು. ಆಮೇಲೆ ಗೊತ್ತಾಯಿತು, ಅವರ ಬಿಲ್ಡಿಂಗಿನ ಹಿಂದಿನ ಬಾದಾಮಿ ಮರದ ಬುಡದಲ್ಲಿ ವಾಚ್‌ಮನ್ ಗುಂಡಿ ತೋಡಿಕೊಟ್ಟನಂತೆ.

ಮಧ್ಯಾಹ್ನ ಪಗ್ ಬಂತು. ಬಿಳಿ ಮದ್ದು, ಕೊಳವೆ, ಎಲ್ಲ ಕ್ರಮವಾಗಿ ಮಾಡಿದೆ. ನಾಯಿ ಎದ್ದು ಬಾಲ ಅಲ್ಲಾಡಿಸಿತು. ಅದರ ಮನೆಯವರು ಪೇಡಾ ಕೊಟ್ಟರು. ತಿಂದೆ.

ಮಾರನೆಯ ದಿನ ಕಂಪೌಂಡರ್ ನೆಲ ಒರೆಸುತ್ತ, ನನ್ನ ಕಡೆ ನೋಡದೆ, "ದಹೀ ಸೇ ನಹೀ ಹುವಾ, ಮೇಡಮ್" ಅಂದ. ಮೊಸರಿನಿಂದ ಆದದ್ದಲ್ಲ. ನಿನ್ನ ಕೆಲಸ ನೀನು ನೋಡಿಕೋ ಅಂದೆ. ಅವನು ಮತ್ತೆ ಆ ಮಾತೆತ್ತಲಿಲ್ಲ. ಆದರೆ ಅವತ್ತಿನಿಂದ ಬೆಕ್ಕು ಬಂತೆಂದರೆ ಟ್ರೇಯಲ್ಲಿ ಎರಡು ಸಿರಿಂಜು ಬೇರೆಬೇರೆಯಾಗಿ, ನಡುವೆ ಹತ್ತಿಯ ಉಂಡೆ ಇಟ್ಟು ತಂದಿಡುತ್ತಾನೆ. ಕೇಳುವುದಿಲ್ಲ, ಸುಮ್ಮನೆ ಇಡುತ್ತಾನೆ.

ಆ ತಾಯಿ ಮಗಳು ನನ್ನ ಕ್ಲಿನಿಕ್ಕಿಗೆ ಬರಲು ಮತ್ತೆ ಕಾರಣವಿರಲಿಲ್ಲ. ತರಕಾರಿ ಅಂಗಡಿಯ ಹತ್ತಿರ ತಾಯಿಯನ್ನು ದೂರದಿಂದ ಕಂಡರೆ ನಾನು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ. ಹಾಗೆಯೇ ಹನ್ನೊಂದು ತಿಂಗಳು ಕಳೆದವು. ನಾನು ಬೇರೆಯವರ ನಾಯಿ ಬೆಕ್ಕುಗಳನ್ನು ಮಲಗಿಸಿದೆ, ಎಬ್ಬಿಸಿದೆ. ಎಲ್ಲವೂ ಎದ್ದವು. ಅದರಿಂದ ನನಗೆ ಧೈರ್ಯ ಬರುವ ಬದಲು ಸಿಟ್ಟು ಬರುತ್ತಿತ್ತು, ಇಷ್ಟು ಸುಲಭವಾಗಿದ್ದದ್ದನ್ನು ಅವತ್ತು ಯಾಕೆ ಮಾಡಲಿಲ್ಲ ಎಂದು.

ಒಂದು ಭಾನುವಾರ ನಮ್ಮವರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆಯ ಊಟ. ನಾನು ಕೂತ ಮೇಲೆ ಎದುರಿನ ಸಾಲಿನಲ್ಲಿ ಆ ತಾಯಿ ಕೂತಿರುವುದನ್ನು ನೋಡಿದೆ. ಇಳಿದುಹೋಗಿದ್ದರು. ಮಗಳು ಬಂದಿರಲಿಲ್ಲ. ಎದ್ದು ಹೋಗುವಂತಿಲ್ಲ, ಎಲೆಗೆ ಆಗಲೇ ಬಡಿಸಿದ್ದರು. ಹುಳಿ, ಸಾರು, ಪಾಯಸ ಎಲ್ಲ ಮುಗಿದು ಕೊನೆಗೆ ಮೊಸರನ್ನದ ಪಾತ್ರೆ ಬಂತು. ತಾಯಿ ಎಲೆಗೆ ಅಡ್ಡ ಕೈ ಹಿಡಿದರು.

ಬಡಿಸುತ್ತಿದ್ದ ಆ ಮನೆಯ ಸೊಸೆ ತಮಾಷೆಯವಳು. ಮೊಸರು ಬಿಡೋದಕ್ಕೆ ಕಾಶಿಗೆ ಯಾವಾಗ ಹೋಗಿ ಬಂದಿರಿ, ನಮಗೆ ಗಂಗೆ ಕೊಡಲೇ ಇಲ್ಲವಲ್ಲ ಎಂದು ಚುಡಾಯಿಸಿದಳು. ಕಾಶಿಗೆ ಹೋದವರು ಇಷ್ಟದ ತಿನಿಸೊಂದನ್ನು ಅಲ್ಲಿ ಬಿಟ್ಟು ಬರುವ ರೂಢಿ ನಮ್ಮಲ್ಲಿದೆ. ಸುತ್ತಲಿದ್ದವರು ನಕ್ಕರು.

"ಕಾಶಿಗೆ ಹೋಗೋ ಪುಣ್ಯ ಎಲ್ಲಿ ಬರಬೇಕು" ಅಂದರು ತಾಯಿ. "ಮೊಸರು ಮಾತ್ರ ಬಿಟ್ಟೆ."

ಹಾಗೆ ಹೇಳಿ ನನ್ನ ಕಡೆ ನೋಡಿದರು. ದೂರಿನ ನೋಟವಲ್ಲ. ತಪ್ಪು ಮಾಡಿ ಶಿಕ್ಷೆ ಅನುಭವಿಸುತ್ತಿದ್ದೇನೆ, ಗಮನಿಸು ಅನ್ನುವ ಹಾಗಿತ್ತು. ಆಮೇಲೆ ಸೊಸೆಗೆ, "ಡಾಕ್ಟರಮ್ಮನಿಗೆ ಬಡಿಸು, ಅವರಿಗೆ ಕೆಲಸ ಇರುತ್ತೆ" ಅಂದರು. ಅವಳು ನನ್ನ ಎಲೆಗೆ ಎರಡು ಸೌಟು ಹಾಕಿದಳು. ಅವರು ನೋಡುತ್ತಿದ್ದಂತೆ ನಾನು ಅಷ್ಟನ್ನೂ ಉಣ್ಣಬೇಕಾಯಿತು.

ನಮ್ಮ ಕಡೆಯ ಮುದುಕಿಗೆ ಮೊಸರನ್ನವಿಲ್ಲದೆ ಊಟ ಮುಗಿಯುವುದಿಲ್ಲ. ಹಲ್ಲಿಲ್ಲದ ವಯಸ್ಸಿನಲ್ಲಿ ಹೊಟ್ಟೆಗೆ ಇಳಿಯುವುದೇ ಅದೊಂದು. ಹನ್ನೊಂದು ತಿಂಗಳು ಆಕೆ ಅದಿಲ್ಲದೆ ಕಳೆದದ್ದು ನನ್ನ ಒಂದು ವಾಕ್ಯದಿಂದ. ಆರು ದಿನ ನಾನು ಒಂದಲ್ಲ ಒಂದು ನೆಪ ಹೇಳಿಕೊಂಡು ತಳ್ಳಿದೆ. ಗಂಡನಿಗೆ ಹೇಳಿದೆ. ಈಗ ಹೇಳಿ ಏನು ಪ್ರಯೋಜನ, ಊರೆಲ್ಲ ಗೊತ್ತಾದರೆ ನಾಳೆ ಯಾರು ಬರುತ್ತಾರೆ ಎಂದು ಅವರು ಕೇಳಿದರು. ಆ ಲೆಕ್ಕವನ್ನು ನಾನೂ ಮಾಡಿದ್ದೆ, ಹನ್ನೊಂದು ತಿಂಗಳು ಬೇರೇನೂ ಮಾಡಿರಲಿಲ್ಲ. ಶನಿವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ಅವರ ಮನೆಯ ಬೆಲ್ ಒತ್ತಿದೆ.

ಮಗಳು ಬಾಗಿಲು ತೆರೆದಳು. ಒಳಗೆ ಕರೆದು ಅಡುಗೆಮನೆಗೆ ಹೋದಳು. ತಾಯಿ ಹಾಲ್‌ನಲ್ಲಿ ನೆಲದ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಹತ್ತಿಯ ಉಂಡೆ ಪಕ್ಕದಲ್ಲಿತ್ತು, ಅದಕ್ಕೆ ಕೈ ಹಾಕುವವರಿರಲಿಲ್ಲ. ನಾನು ಅವರ ಎದುರಿಗೆ ನೆಲದಲ್ಲೇ ಕೂತೆ. ನಿಂತು ಹೇಳಲು ಆಗುತ್ತಿರಲಿಲ್ಲ.

ಎಲ್ಲವನ್ನೂ ಹೇಳಿದೆ. ಬೀರುವಿನಲ್ಲಿದ್ದ ಒಂದು ಆಂಪ್ಯೂಲಿನ ವಿಷಯ, ಅದನ್ನು ಬೇರೆ ನಾಯಿಗೆ ಇಟ್ಟುಕೊಂಡದ್ದು, ಬೆಕ್ಕಿಗೆ ವಾಂತಿ ಬರಿಸುವ ಮದ್ದನ್ನು ಗೊತ್ತಿದ್ದೂ ಕೊಟ್ಟದ್ದು, ಎರಡು ಸಲ ಕೊಡಬೇಕಾದದ್ದನ್ನು ಒಂದೇ ಸಲ ಕೊಟ್ಟದ್ದು, ಕೊಳವೆ ಹಾಕದೆ ಬಿಟ್ಟದ್ದು. ಕಂಪೌಂಡರ್ ಕೇಳಿದ್ದನ್ನೂ ಅವನನ್ನು ಗದರಿದ್ದನ್ನೂ ಹೇಳಿದೆ. ನಡುವೆ ಎಲ್ಲಿಯೂ ಅಳಲಿಲ್ಲ, ಅಳುವುದಕ್ಕೆ ನನಗೆ ಹಕ್ಕಿರಲಿಲ್ಲ. ಕೊನೆಗೆ, "ನಿಮ್ಮ ಮೊಸರಿನಿಂದ ಅಲ್ಲ ಅಮ್ಮ. ನನ್ನಿಂದ. ಅವತ್ತೇ ಗೊತ್ತಿತ್ತು ನನಗೆ" ಅಂದೆ.

ತಾಯಿ ಕೈಯಲ್ಲಿದ್ದ ಬತ್ತಿಯನ್ನು ಹೊಸೆದು ಮುಗಿಸಿದರು. ತಟ್ಟೆಯಲ್ಲಿ ಇಟ್ಟರು. ಆಮೇಲೆ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಹೇಳಿದರು, "ಊಟದಲ್ಲಿ ನನ್ನ ನೋಡಿ ಸಂಕಟ ಆಯ್ತು ನಿನಗೆ, ಅಲ್ವಾ? ಅದಕ್ಕೆ ಬಂದು ಹೀಗೆ ಹೇಳ್ತಾ ಇದೀಯ. ಒಳ್ಳೇವಳು ಕಣಮ್ಮ ನೀನು."

ಹಾಗಲ್ಲ ಅಮ್ಮ, ನಿಜವಾಗಿಯೂ ಹೀಗೇ ಆದದ್ದು ಎಂದು ಮತ್ತೆ ಹೇಳಿದೆ. ಅವರು ತಲೆಯಾಡಿಸಿದರು, ಮಕ್ಕಳು ಹಟ ಮಾಡಿದಾಗ ಆಗಲಿ ಆಗಲಿ ಎಂದು ತಲೆಯಾಡಿಸುವ ಹಾಗೆ. ವಾಂತಿಯಲ್ಲಿ ಮೊಸರಿತ್ತೋ ಇಲ್ಲವೋ ಎಂದು ಕೇಳಿದರು. ಇತ್ತು ಅಂದೆ. ಮತ್ತೆ ಇನ್ನೇನು ಎಂದು ಇನ್ನೊಂದು ಬತ್ತಿಗೆ ಹತ್ತಿ ಎಳೆದುಕೊಂಡರು. ನಾನು ಕೂರಿಸಿದ ಗೂಬೆಯನ್ನು ನಾನೇ ಇಳಿಸಬಹುದು ಎಂದುಕೊಂಡಿದ್ದೆ. ಇಳಿಯಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಅವಳು ಪೂರ್ತಿ ಕೇಳಿಸಿಕೊಂಡಿದ್ದಳು. ಅವಳು ನಂಬಿದ್ದಳು.

"ಹನ್ನೊಂದು ತಿಂಗಳಿಂದ ನಾನು ಅಮ್ಮನ ಕೈಯಿಂದ ಒಂದು ಲೋಟ ಕಾಫಿ ಇಸ್ಕೊಂಡಿಲ್ಲ ಡಾಕ್ಟ್ರೇ" ಅಂದಳು. "ರೋಜ್ ಬೆಳಿಗ್ಗೆ ಮಾಡಿ ಟೇಬಲ್ ಮೇಲೆ ಇಡ್ತಾರೆ. ಅವರ ಎದುರಿಗೇ ಸಿಂಕ್‌ಗೆ ಚೆಲ್ಲಿ ಸ್ಟೇಷನ್‌ಗೆ ಹೋಗ್ತೀನಿ."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಅಲ್ಲಿ ಇನ್ನಷ್ಟು ಹೊತ್ತು ಕೂತಿರುತ್ತಿದ್ದೆ. ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತಾಯಿ ಆ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿ, ಕಾಫಿ ಕುಡಿಯುತ್ತೀಯ ಎಂದು ನನ್ನನ್ನು ಕೇಳಿದರು. ಬೇಡ ಅಂದೆ, ಹನ್ನೆರಡಕ್ಕೆ ಕೆಲಸವಿದೆ ಅಂದೆ.

ಅವರು ಗೋಡೆ ಹಿಡಿದು ಎದ್ದು ನನ್ನನ್ನು ಬಾಗಿಲವರೆಗೆ ಕಳಿಸಲು ಬಂದರು. ಕೆಲಸಕ್ಕೆ ಹೊರಟವರು ಎಂದರೆ ಅವರ ಕಾಲು ತಾನಾಗಿ ಫ್ರಿಜ್ಜಿನ ಕಡೆಗೆ ಹೋಗುತ್ತಿದ್ದದ್ದನ್ನು ನಾನು ಎಷ್ಟೋ ಸಲ ನೋಡಿದ್ದೆ. ಅವತ್ತು ಫ್ರಿಜ್ಜಿನ ಪಕ್ಕದಲ್ಲೇ ಹಾದರು, ನಿಲ್ಲಲಿಲ್ಲ. ನಾನು ಚಪ್ಪಲಿ ಹಾಕಿಕೊಳ್ಳುವಾಗ ಏನು ಕೆಲಸ ಎಂದು ಕೇಳಿದರು. ಒಂದು ನಾಯಿಗೆ ಆಪರೇಷನ್ ಅಂದೆ.

ಅವರು ಒಂದು ಹೆಜ್ಜೆ ಮುಂದೆ ಬಂದು, ಒಳಗೆ ಮಗಳಿಗೆ ಕೇಳಿಸದ ಹಾಗೆ ಸ್ವರ ತಗ್ಗಿಸಿ ಹೇಳಿದರು, "ಅವರ ಮನೇಲಿ ವಯಸ್ಸಾದವರು ಯಾರಾದರೂ ಇದ್ದರೆ ಅವರನ್ನೂ ಕೇಳು ಕಣಮ್ಮ, ಏನಾದರೂ ಕೊಟ್ಟಿದೀರಾ ಅಂತ. ಎಷ್ಟು ಹೇಳಿದ್ರೂ ಮುದುಕರು ನಾವು ಕೇಳೋದಿಲ್ಲ."

ಕೇಳುತ್ತೇನೆ ಅಂದೆ.